ಚಂದ್ರಗಿರಿ ಹೊಳೆಯಲ್ಲಿ ಔಟ್‌ಬೋರ್ಡ್ ಎಂಜಿನ್: ಹಿಂದಿನ ನೀರು ನೋಡ್ತಾ ಇರಿ

ನಮಸ್ಕಾರ, ಎಲ್ಲರಿಗೂ. ಕಾಸರಗೋಡಿನ ತಳಂಗರೆ ಬದಿ ಇದು. ಎದುರಿಗೆ ಚಂದ್ರಗಿರಿ ಹೊಳೆ. ಕ್ಯಾಮೆರಾ ಬಾವನ ಕೈಯಲ್ಲಿ ಉಂಟು, ದೋಣಿ ಅಲುಗಾಡಿದ ಹಾಗೆ ಅದೂ ಅಲುಗಾಡುತ್ತದೆ.

ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್. ಅದನ್ನು ಕೂರಿಸುವುದು ಕಾಣ್ತಾ ಇದೆಯಲ್ವಾ, ಹೇಳುವುದೇನಿಲ್ಲ. ಕ್ಲಾಂಪಿನ ತಿರುಪು ಬಿಗಿ ಮಾಡಿದ ಮೇಲೂ ಒಂದು ಸರಪಳಿ ಹಾಕಿ ದೋಣಿಗೆ ಕಟ್ಟಿ. ತಿರುಪು ಸಡಿಲವಾದರೂ ಎಂಜಿನ್ ಹೊಳೆ ಪಾಲಾಗಬಾರದು.

ಪೆಟ್ರೋಲ್ ತುಂಬಿಸುವುದು ದಡದಲ್ಲಿ, ಟ್ಯಾಂಕ್ ನೆಲದ ಮೇಲಿಟ್ಟು. ದೋಣಿಯೊಳಗೆ ಬೇಡವೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಒಂದು ಕಿಡಿ ಸಾಕು. ಇದು ಟೂ ಸ್ಟ್ರೋಕ್, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು, 50ಕ್ಕೆ 1. ಅಂದರೆ ಲೀಟರಿಗೆ 20 ಮಿಲಿ ಆಯಿಲ್, ಅಳತೆ ಲೋಟದಲ್ಲೇ. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗೆ ಲೆಕ್ಕ ಬೇರೆ, ಅದರ ಪುಸ್ತಕ ನೋಡಿ. ಹೊಸದಾಗಿ ತಗೊಳ್ಳುವವರು ಟೂ ಸ್ಟ್ರೋಕ್ ತಗೊಳ್ಳಬೇಡಿ. ಹೊಗೆ ಜಾಸ್ತಿ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಫೋರ್ ಸ್ಟ್ರೋಕೇ ಒಳ್ಳೆಯದು.

ಲೈಫ್ ಜಾಕೆಟ್ ಹಾಕಿದ್ದೇನೆ. ಈ ಕೆಂಪು ಸುರುಳಿ ಹಗ್ಗದ ಒಂದು ತುದಿ ಎಂಜಿನ್‌ನಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನಾನು ನೀರಿಗೆ ಬಿದ್ದರೆ ಇದು ಕಿತ್ತು ಬರುತ್ತದೆ, ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಖಾಲಿ ದೋಣಿ ಸುತ್ತು ಹೊಡೆದು, ಬಿದ್ದವನ ಮೇಲೆಯೇ ನೀರಿನಡಿ ತಿರುಗುವ ಫ್ಯಾನ್ ಸಮೇತ ಬರಬಹುದು. ಇದನ್ನು ಎಂಜಿನ್‌ಗೇ ಸುತ್ತಿಟ್ಟು ಹೋಗುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ನ್ಯೂಟ್ರಲ್, ಚೋಕ್, ಎಳೆದದ್ದಾಯಿತು. ಈಗ ಹಿಂದೆ ನೋಡಿ. ಆ ಸಣ್ಣ ತೂತಿನಿಂದ ನೀರು ಚಿಮ್ಮುತ್ತಾ ಇದೆಯಲ್ಲ, ಇವತ್ತಿನ ವಿಡಿಯೋ ಮಾಡಿದ್ದೇ ಅದಕ್ಕೆ. ಹೊಳೆಯ ನೀರು ಒಳಗೆ ಹೋಗಿ, ಎಂಜಿನ್ ತಂಪು ಮಾಡಿ, ಸ್ವಲ್ಪ ಅಲ್ಲಿಂದ ಹೊರಗೆ ಬರುತ್ತದೆ. ಅದು ನಿಂತರೆ ಎಂಜಿನ್ ಬೇಯಲು ಶುರು ಅಂತ ಲೆಕ್ಕ.

ಆಚೆ ದಡದಲ್ಲಿರುವುದು ಚಂದ್ರಗಿರಿ ಕೋಟೆ. ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಹೇಳುತ್ತಾರೆ. ಮೇಲೆ ಸುಳ್ಯಕ್ಕೆ ಹೋದರೆ ಇದೇ ಹೊಳೆಗೆ ಪಯಸ್ವಿನಿ ಅಂತ ಹೆಸರು. ಎಷ್ಟು ಚಂದದ ನೀರು ಮಾರಾಯ್ರೆ, ಕೊಡಗಿನ ಬೆಟ್ಟದಿಂದ ಇಳಿದು... ಬಾವ, ನೀರು ನಿಂತಿತು! ಹಿಂದೆ ತೋರಿಸು, ಹಿಂದೆ!

ನೋಡಿದಿರಾ? ಧಾರೆ ಇಲ್ಲ. ಎಂಜಿನ್ ಆಫ್, ತಕ್ಷಣ. ದಡ ಹತ್ತಿರವೇ ಉಂಟು, ಅಲ್ಲಿವರೆಗೆ ಓಡಿಸೋಣ ಅಂತ ಹೋಗಬೇಡಿ. ಆದರೆ ಈಗ ಇಳಿತ, ನೀರು ಅಳಿವೆ ಕಡೆಗೆ ಎಳೆಯುತ್ತಿದೆ. ಹಾಗಾಗಿ ಮೊದಲು ಲಂಗರು, ಅದೂ ದೋಣಿಯ ಮುಂದಿನ ತುದಿಯಿಂದ. ಹಿಂದಿನಿಂದ ಹಾಕಿದರೆ ಎಂಜಿನ್ ಇರುವ ಬದಿ ತಗ್ಗುತ್ತದೆ, ಹರಿವಿನ ನೀರು ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ದೋಣಿ ಮುಳುಗುವುದು ಹಾಗೆ.

ಈಗ ಎಂಜಿನ್ ಮೇಲೆತ್ತಿದೆ. ಇದೋ, ಸಿಕ್ಕಿತು. ಪ್ಲಾಸ್ಟಿಕ್ ತೊಟ್ಟೆ! ನೀರು ಎಳೆಯುವ ಜಾಲರಿಗೆ ಚರ್ಮದ ಹಾಗೆ ಅಂಟಿಕೊಂಡಿದೆ. ಯಾರೋ ಮೀನೋ ತರಕಾರಿಯೋ ತಂದು, ಸಂಕದ ಮೇಲಿಂದ ಬಿಸಾಡಿದ್ದು. ಬಟ್ಟೆ ಚೀಲ ಹಿಡಿದು ಪೇಟೆಗೆ ಹೋಗಲು ಎಂತ ಕಷ್ಟ? ಮಳೆಗಾಲದಲ್ಲಿ ಇದೇ ಹೊಳೆ ಸಮುದ್ರಕ್ಕೆ ರಾಶಿ ರಾಶಿ ತೊಟ್ಟೆ ಹೊತ್ತು ಹೋಗುತ್ತದೆ. ಮೀನು ಹಿಡಿದು ಬದುಕುವವರ ಎಂಜಿನ್ ನಡುನೀರಿನಲ್ಲಿ ಹೀಗೆ ನಿಂತರೆ ಅವರ ಒಂದು ದಿನದ ದುಡಿಮೆ ಹೋಯಿತು. ಗಾಳಿ ಇದ್ದರೆ ಜೀವಕ್ಕೇ ಅಪಾಯ. ಈ ತೊಟ್ಟೆಯನ್ನು ದಡಕ್ಕೇ ಒಯ್ಯುತ್ತೇನೆ.

ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಕಟ್ ಮಾಡು ಬಾವ.

ಸರಿ, ಮತ್ತೆ ಸ್ಟಾರ್ಟ್, ನೀರು ಬಂತು. ಬರದಿದ್ದರೆ ಆ ತೂತಿಗೆ ಸಣ್ಣ ತಂತಿ ಹಾಕಿ ನೋಡಿ, ಕೆಸರು ಕೂತಿರಬಹುದು. ಆಗಲೂ ಬರದಿದ್ದರೆ ಇಂಪೆಲ್ಲರ್ ಹೋಗಿರಬಹುದು. ಅದು ನೀರು ಎಳೆಯುವ ರಬ್ಬರ್ ಚಕ್ರ, ನೀರಿಲ್ಲದೆ ತಿರುಗಿದರೆ ಬೇಗ ಸುಟ್ಟು ಹರಿಯುತ್ತದೆ. ಸುಮ್ನೆ ಶಬ್ದ ಕೇಳೋಣ ಅಂತ ಅಂಗಳದಲ್ಲಿ ಸ್ಟಾರ್ಟ್ ಮಾಡುವುದು ಬೇಡ. ಇಂಪೆಲ್ಲರ್ ಹೋಗಿದ್ದರೆ ಹುಟ್ಟು ಹಾಕಿಕೊಂಡೇ ದಡಕ್ಕೆ ಬನ್ನಿ. ಹುಟ್ಟು ಇಲ್ಲದೆ ದೋಣಿ ಇಳಿಸಲೇಬಾರದು.

ದಡಕ್ಕೆ ಬಂದೆವು. ಎಂಜಿನ್ನನ್ನು ಇಬ್ಬರೇ ಎತ್ತಿ ಅಂಗಳಕ್ಕೆ ತಂದೆವು ನೋಡಿ. ಟೂ ಸ್ಟ್ರೋಕ್ ಬೇಡ ಅಂದಿದ್ದೆನಲ್ಲ, ಅದು ವಾಪಸ್. ಹೀಗೆ ದಿನಾ ಹೊತ್ತು ತರುವವರಿಗೆ ಹಗುರವಾದ ಇದೇ ವಾಸಿ.

ಇಲ್ಲಿ ಅಳಿವೆ ಹತ್ತಿರ, ಹೊಳೆ ನೀರೂ ಉಪ್ಪು. ಅದಕ್ಕೇ ಸಿಹಿನೀರಿನ ಡ್ರಮ್. ಫ್ಯಾನ್ ಬಿಚ್ಚಿಟ್ಟು, ಜಾಲರಿ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಹತ್ತು ನಿಮಿಷ ಓಡಿಸುತ್ತೇವೆ. ಫ್ಯಾನಿನ ಹಿಂದೆ ಶಾಫ್ಟ್‌ಗೆ ಗಾಳದ ನೂಲು ಸುತ್ತಿದ್ದರೆ ಈಗಲೇ ಬಿಡಿಸಿ. ಅದು ಸೀಲ್ ಕೊಯ್ದು ಗೇರ್ ಆಯಿಲ್‌ಗೆ ನೀರು ಸೇರುತ್ತದೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಈ ಬಿಳಿ ಸತುವಿನ ತುಂಡಿಗೆ ಪೇಂಟ್ ಹಚ್ಚಬೇಡಿ. ಎಂಜಿನ್ ಬದಲು ತಾನು ಸವೆಯಲಿ ಅಂತಲೇ ಅದನ್ನು ಇಟ್ಟದ್ದು.

ಕ್ಯಾಮೆರಾದ ಬ್ಯಾಟರಿ ಕೆಂಪು ತೋರಿಸುತ್ತಿದೆ. ಎಂಜಿನ್ ನೆಟ್ಟಗೆ ನಿಲ್ಲಿಸಿಡಿ, ಒಳಗಿನ ನೀರು ಇಳಿದು ಹೋಗಲಿ. ಗೇರ್ ಆಯಿಲ್ ಬದಲಿಸುವುದು ಮುಂದಿನ ವಿಡಿಯೋದಲ್ಲಿ. ಬಾವ, ಸಾಕು, ಆಫ್ ಮಾಡು.