ಜ್ವರದ ಫಿಟ್ಸ್: ಮೊದಲು ಗಡಿಯಾರ, ಆಮೇಲೆ ಎದೆ

ಅಂಗನವಾಡಿ ಕಾರ್ಯಕರ್ತೆಯರಿಗೆ, ಆಶಾ ಅಕ್ಕಂದಿರಿಗೆ, ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡೇ ಬಂದಿರುವ ತಾಯಂದಿರಿಗೆ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವ ಅಪ್ಪಂದಿರು ದಯವಿಟ್ಟು ಮುಂದೆ ಬನ್ನಿ. ಇದು ನಿಮಗೂ ಬೇಕಾದ ವಿಷಯ.

ಒಂದು ಮಳೆಗಾಲದ ರಾತ್ರಿ, 14 ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಅದರ ಅಪ್ಪ ಓಡಿ ಬಂದರು. ಮಗುವಿನ ತುಟಿ ತುಂಬಾ ರಕ್ತ. ನೋಡಿದರೆ ಅದು ಮಗುವಿನದಲ್ಲ, ಅಪ್ಪನ ಬೆರಳಿನದು. ಹಲ್ಲು ಗಿಟ್ಟಿಕೊಂಡಿತು, ನಾಲಿಗೆ ಕಚ್ಚಿಕೊಂಡೀತು ಅಂತ ಬಾಯೊಳಗೆ ಬೆರಳು ಹಾಕಿದ್ದರು. ಅಜ್ಜಿ ಚಮಚವನ್ನೂ ತೂರಿಸಿದ್ದರು. ಒಂದು ಹಾಲುಹಲ್ಲು ಅಲ್ಲಾಡುತ್ತಿತ್ತು. ಫಿಟ್ಸ್ ಎಷ್ಟು ಹೊತ್ತು ಇತ್ತು ಅಂತ ಕೇಳಿದೆ. ‘ಅರ್ಧ ಗಂಟೆ, ಡಾಕ್ಟ್ರೇ’ ಅಂದರು ಅಪ್ಪ. ತಾಯಿ ಮೆಲ್ಲಗೆ ಹೇಳಿದರು: ‘ಆಗಷ್ಟೇ ಒಲೆ ಮೇಲೆ ಹಾಲಿಟ್ಟಿದ್ದೆ. ಮಗು ಸುಮ್ಮನಾದಾಗ ಇನ್ನೂ ಉಕ್ಕಿರಲಿಲ್ಲ.’ ಅಂದರೆ ಎರಡು ಮೂರು ನಿಮಿಷ.

ಅಪ್ಪ ಸುಳ್ಳು ಹೇಳಲಿಲ್ಲ. ಮಗುವಿನ ಕಣ್ಣು ಮೇಲೆ ಹೋಗಿ, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದಾಗ ಎರಡು ನಿಮಿಷವೂ ಅರ್ಧ ಗಂಟೆಯೇ. ಮಗು ಹೋಗೇಬಿಟ್ಟಿತು ಅಂತ ಅನಿಸುತ್ತದೆ. ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಫಿಟ್ಸ್‌ಗಿಂತ ನಮ್ಮ ಕೈಗಳೇ ಮಗುವಿಗೆ ಜಾಸ್ತಿ ನೋವು ಮಾಡುವುದುಂಟು.

ಇದು ಜ್ವರದ ಫಿಟ್ಸ್. 6 ತಿಂಗಳಿಂದ 5 ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಬರುತ್ತದೆ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಜಾಸ್ತಿ. ಆ ವಯಸ್ಸಿನ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ, ಜ್ವರದ ಬಿಸಿಯನ್ನು ತಾಳುವ ಶಕ್ತಿ ಕಡಿಮೆ. ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಬಂದಿದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚು. ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.

ಜ್ವರ ತರುವುದು ಹೆಚ್ಚಾಗಿ ವೈರಸ್. ನೆಗಡಿ, ಕೆಮ್ಮು ತರುವ ಅದೇ ವೈರಸ್‌ಗಳು: ಇನ್‌ಫ್ಲುಯೆಂಜಾ, ಅಡಿನೋವೈರಸ್, ಆರ್‌ಎಸ್‌ವಿ. 2022ರ ಒಮಿಕ್ರಾನ್ ಅಲೆಯಲ್ಲಿ ಕೊರೊನಾದಿಂದಲೂ ಎಷ್ಟೋ ಮಕ್ಕಳಿಗೆ ಫಿಟ್ಸ್ ಬಂತು. ಬಹಳ ಸಲ ಜ್ವರ ಶುರುವಾದ ಮೊದಲ ದಿನವೇ ಬರುತ್ತದೆ. ಫಿಟ್ಸ್ ಬಂದ ಮೇಲೇ ಮೈ ಸುಡುತ್ತಿರುವುದು ಗೊತ್ತಾಗುವುದೂ ಉಂಟು. ಹಾಗಾಗಿ ‘ನಾನು ಬೇಗ ಸಿರಪ್ ಕೊಡಬೇಕಿತ್ತು’ ಅಂತ ಯಾವ ತಾಯಿಯೂ ಕೊರಗಬೇಡಿ. ಪ್ಯಾರಾಸಿಟಮಾಲ್‌ನಿಂದ ಮಗುವಿಗೆ ಹಾಯೆನಿಸುತ್ತದೆ, ಅದಕ್ಕಾಗಿ ಕೊಡಿ. ಫಿಟ್ಸ್ ತಡೆಯುತ್ತದೆ ಅನ್ನುವ ಭರವಸೆ ಅದರಲ್ಲಿಲ್ಲ.

ಈಗ ಕೈಗಳ ವಿಷಯ. ಮಗುವನ್ನು ಚಾಪೆ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ, ನೊರೆ, ವಾಂತಿ ಹೊರಗೆ ಹರಿದು ಹೋಗಲಿ. ಕುತ್ತಿಗೆ ಹತ್ತಿರದ ಬಟ್ಟೆ ಸಡಿಲ ಮಾಡಿ. ಬಾಯಿಗೆ ಏನೂ ಬೇಡ: ಬೆರಳಿಲ್ಲ, ಚಮಚವಿಲ್ಲ, ನೀರಿಲ್ಲ, ಔಷಧಿಯೂ ಇಲ್ಲ. ಕೈಕಾಲು ಅದುಮಿ ಹಿಡಿಯಬೇಡಿ. ಕಬ್ಬಿಣದ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ಬೇಡ. ಆಮೇಲೆ ಬಾಲಗ್ರಹ ಅಂತ ಬರೆ ಹಾಕಿಸುವುದಂತೂ ಬೇಡವೇ ಬೇಡ. ಆ ಎಳೆ ಹೊಟ್ಟೆಯ ಮೇಲಿನ ಸುಟ್ಟ ಗಾಯಕ್ಕೆ ಔಷಧಿ ಹಚ್ಚುವಾಗ ನನ್ನ ಕೈ ನಡುಗಿದೆ.

ಮಲಗಿಸಿದ ತಕ್ಷಣ ಗಡಿಯಾರ ನೋಡಿ. ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಿ, ವೈದ್ಯರಿಗೆ ಅದರಿಂದ ಬಹಳ ಸಹಾಯ. 5 ನಿಮಿಷ ದಾಟಿತಾ, 108ಕ್ಕೆ ಕರೆ ಮಾಡಿ. ಹಿಂದೆ ಬಂದಿದ್ದ ಮಗುವಾದರೆ ವೈದ್ಯರು ಫಿಟ್ಸ್ ನಿಲ್ಲಿಸಲು ಮೂಗಿಗೆ ಹಾಕುವ ಮಿಡಜೋಲಮ್ ಸ್ಪ್ರೇ ಬರೆದುಕೊಟ್ಟಿರಬಹುದು. ಆಗ ಅವರು ಹೇಳಿದಷ್ಟೇ ಹಾಕಿ.

ಬೇಗ ನಿಂತರೂ ಮೊದಲ ಸಲವಾದರೆ ಆಸ್ಪತ್ರೆಗೆ ತೋರಿಸಲೇಬೇಕು. 15 ನಿಮಿಷಕ್ಕಿಂತ ಜಾಸ್ತಿ ಇದ್ದರೆ, ಮೈಯ ಒಂದೇ ಪಕ್ಕ ಜಗ್ಗಿದರೆ, ಒಂದೇ ದಿನದಲ್ಲಿ ಮತ್ತೆ ಬಂದರೆ, ಕುತ್ತಿಗೆ ಬಿಗಿಯಾದರೆ, ಒಂದು ಗಂಟೆಯಾದರೂ ಮಗು ಸರಿಯಾಗಿ ಎಚ್ಚರವಾಗದಿದ್ದರೆ, 6 ತಿಂಗಳಿಗಿಂತ ಚಿಕ್ಕದಾದರೆ, ಅದು ಬರೀ ಜ್ವರದ ಫಿಟ್ಸ್ ಅಂತ ಕೂರಬೇಡಿ. ಇನ್‌ಫ್ಲುಯೆಂಜಾ ಅಪರೂಪಕ್ಕೆ ಮಿದುಳಿಗೇ ಪೆಟ್ಟು ಕೊಡುತ್ತದೆ.

‘ಬುದ್ಧಿ ಮಂದವಾಗುತ್ತಾ?’ ಎಲ್ಲ ತಾಯಂದಿರೂ ಕೇಳುವ ಪ್ರಶ್ನೆ. ಅಮೆರಿಕದಲ್ಲಿ ಕ್ಯಾರಿನ್ ನೆಲ್ಸನ್ ಮತ್ತು ಜೋನಾಸ್ ಎಲೆನ್‌ಬರ್ಗ್ ಜ್ವರದ ಫಿಟ್ಸ್ ಬಂದ 1,706 ಮಕ್ಕಳ ಬಗ್ಗೆ ಅಧ್ಯಯನ ಮಾಡಿದರು. 7 ವರ್ಷ ತುಂಬುವವರೆಗಿನ ಮಾಹಿತಿ ಅದರಲ್ಲಿತ್ತು. ಆ ಮಕ್ಕಳಲ್ಲಿ ಹಲವರ ಬುದ್ಧಿಯನ್ನು ಅವರ ಒಡಹುಟ್ಟಿದವರ ಜೊತೆ ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಮೂವರಲ್ಲಿ ಒಬ್ಬರಿಗೆ ಇನ್ನೊಂದು ಜ್ವರದಲ್ಲಿ ಮತ್ತೆ ಬರಬಹುದು, ಅದು ನಿಜ. ಆದರೆ ಅಪಸ್ಮಾರವಾಗಿ, ಅಂದರೆ ಜ್ವರವಿಲ್ಲದೆಯೂ ಪದೇ ಪದೇ ಬರುವ ಫಿಟ್ಸ್ ಆಗಿ, ಉಳಿಯುವುದು ಕೆಲವೇ ಮಕ್ಕಳಿಗೆ.

ಆ ರಾತ್ರಿಯ ಹುಡುಗಿಗೆ ಮರಳಿ ಬರೋಣ. ಮನೆಯವರೆಲ್ಲ ಫಿಟ್ಸ್ ಬಗ್ಗೆಯೇ ಕೇಳುತ್ತಿದ್ದರು. ನಾನು ಅಂಗಿ ಮೇಲೆತ್ತಿ ನೋಡಿದರೆ ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಹಳ್ಳ ಬೀಳುತ್ತಿತ್ತು. ಎರಡು ದಿನದಿಂದ ಕೆಮ್ಮುತ್ತಿದ್ದಳು, ಆ ಮಧ್ಯಾಹ್ನದಿಂದ ಹಾಲು ಬಿಟ್ಟಿದ್ದಳು. ಫಿಟ್ಸ್ ತಾನಾಗಿಯೇ ನಿಂತಿತ್ತು. ಆಕ್ಸಿಜನ್ ಬೇಕಾಗಿದ್ದು ಎದೆಗೆ, ಅದೂ ಮೂರು ದಿನ. ಅವತ್ತು ‘ಫಿಟ್ಸ್ ನಿಂತಿದೆ, ಮನೆಗೆ ಹೋಗಿ’ ಅಂತ ಕಳಿಸಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ನೆನೆಯುತ್ತೇನೆ. ಎಳೆಕೂಸುಗಳಲ್ಲಂತೂ ಉಸಿರಾಟದ ಕಾಯಿಲೆ ಜೋರಾಗಿ, ಆಕ್ಸಿಜನ್ ಇಳಿದು, ರಕ್ತದಲ್ಲಿ ಸೋಡಿಯಂ ಕಡಿಮೆಯಾಗಿಯೂ ಫಿಟ್ಸ್ ಬರುತ್ತದೆ.

ಅದಕ್ಕೇ ಉಸಿರು ಎಣಿಸುವುದನ್ನು ಕಲಿಯಬೇಕು. 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ, ಒಂದು ವರ್ಷದೊಳಗೆ 50, ಅಲ್ಲಿಂದ 5 ವರ್ಷದವರೆಗೆ 40 ಮುಟ್ಟಿದರೆ ಆಸ್ಪತ್ರೆಗೆ ಕರೆತರಲು ತಡ ಮಾಡಬೇಡಿ. ಮಗು ಅಳುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದೂ ಬೇಡ, ಪೂರ್ತಿ ಒಂದು ನಿಮಿಷ ಬೇಕು.

ಇಲ್ಲಿ ಮುಂದಿನ ಸಾಲಿನಲ್ಲಿ ಒಂದು ಪುಟ್ಟ ಮಲಗಿದ್ದಾನೆ, ಅಲ್ವಾ? ಅಮ್ಮಾ, ಅವನ ಅಂಗಿ ಸ್ವಲ್ಪ ಮೇಲೆ ಮಾಡ್ತೀರಾ? ಎಬ್ಬಿಸಬೇಡಿ. ಅಪ್ಪಂದಿರೇ, ಒಬ್ಬರು ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಳ್ಳಿ. ಉಳಿದವರು ಹೊಟ್ಟೆ ನೋಡಿ. ಮೇಲೆ ಬಂದು ಕೆಳಗೆ ಹೋದರೆ ಒಂದು. ಮನಸ್ಸಿನಲ್ಲೇ ಎಣಿಸಿ. ಶುರು ಮಾಡೋಣ.