ಸಾಕೆಟ್ ಒಂದೇ ಆದರೆ ಸಾಲದು: ಮೊದಲ ಪಿಸಿಗೆ ಬೋರ್ಡು, ಪ್ರೊಸೆಸರ್ ಜೋಡಿ ನೋಡುವುದು ಹೀಗೆ

[ಮೇಜಿನ ಮೇಲೆ ಮದರ್‌ಬೋರ್ಡ್, ಪಕ್ಕದಲ್ಲಿ ಪ್ರೊಸೆಸರ್ ಡಬ್ಬಿ]

ಎಲ್ಲರಿಗೂ ನಮಸ್ಕಾರ. ತುಮಕೂರಿನಿಂದ ಮಾತಾಡುತ್ತಿದ್ದೇನೆ. ಮೊದಲ ಸಲ ಪಿಸಿ ಕಟ್ಟುವ ಹುಡುಗರು ನನ್ನ ಹತ್ತಿರ ಕೇಳುವುದು ಒಂದೇ ಮಾತು. "ಅಣ್ಣ, ಈ ಬೋರ್ಡಿಗೆ ಈ ಪ್ರೊಸೆಸರ್ ಕೂರುತ್ತಾ?" ಕೂರುವುದು ಬೇರೆ, ಆನ್ ಆಗುವುದು ಬೇರೆ. ಇವತ್ತು ಅದನ್ನೇ ನೋಡೋಣ.

ಮೊದಲು ನನಗೇ ಆದದ್ದು ಹೇಳುತ್ತೇನೆ. ಚಿಕ್ಕಮ್ಮನ ಮಗ ಒಂದು ವರ್ಷ ದುಡ್ಡು ಕೂಡಿಟ್ಟಿದ್ದ. ಇಬ್ಬರೂ ಬೆಳಿಗ್ಗೆಯ ಟ್ರೈನ್ ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಒಂದು ಬಿ450 ಬೋರ್ಡು, ಎಎಂಡಿ ಕಂಪನಿಯ ಒಂದು ರೈಜೆನ್ 5 5600ಜಿ ಪ್ರೊಸೆಸರ್ ತಗೊಂಡೆವು. ಎರಡೂ ಎಎಂ4, ಅಂದರೆ ಪ್ರೊಸೆಸರ್ ಕೂರುವ ಜಾಗವಾದ ಸಾಕೆಟ್ ಸರಿ ಇದೆ, ಇನ್ನೇನು ಅಂದುಕೊಂಡು ನಾನೇ ಧೈರ್ಯ ಹೇಳಿದ್ದೆ. ರಾತ್ರಿ ಮನೆಗೆ ಬಂದು ಜೋಡಿಸಿ ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ಲೈಟ್ ಹತ್ತಿತು, ಡಿಸ್‌ಪ್ಲೇ ಮಾತ್ರ ಬರಲಿಲ್ಲ. ರ್‍ಯಾಮ್ ತೆಗೆದು ಹಾಕಿದೆವು, ಕೇಬಲ್ ಬದಲಾಯಿಸಿದೆವು, ಪಕ್ಕದ ಮನೆಯ ಮಾನಿಟರ್ ತಂದೆವು. ಊಹೂಂ. ಹುಡುಗನ ಮುಖ ನೋಡಲು ಆಗುತ್ತಿರಲಿಲ್ಲ.

ಯಾವ ಪಾರ್ಟೂ ಕೆಟ್ಟಿರಲಿಲ್ಲ. ಬಿ450 ಬಂದದ್ದು 2018ರಲ್ಲಿ, 5600ಜಿ ಬಂದದ್ದು 2021ರಲ್ಲಿ. ಅಂಗಡಿಯ ಶೆಲ್ಫಿನಲ್ಲಿ ಕೂತಿದ್ದ ಆ ಬೋರ್ಡಿನ ಬಯೋಸ್, ಅಂದರೆ ಬೋರ್ಡಿನೊಳಗೇ ಇರುವ ಸಣ್ಣ ಪ್ರೋಗ್ರಾಂ, ಹಳೆಯದು. ಹೊಸ ಪ್ರೊಸೆಸರ್ ಯಾವುದು ಅಂತಲೇ ಅದಕ್ಕೆ ಗೊತ್ತಿಲ್ಲ. ಪಿಸಿ ಆನ್ ಆದ ತಕ್ಷಣ ಮೊದಲು ಓಡುವುದೇ ಬಯೋಸ್. ಅದಕ್ಕೆ ಪ್ರೊಸೆಸರ್ ಗುರುತು ಸಿಗದಿದ್ದರೆ ಮುಂದೆ ಏನೂ ನಡೆಯುವುದಿಲ್ಲ.

[ಬೋರ್ಡ್ ಕಂಪನಿಯ ವೆಬ್‌ಸೈಟ್ ತೆರೆದು ತೋರಿಸುವುದು]

ಹಾಗಾಗಿ ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ನೀವು ನೋಡಿಟ್ಟ ಬೋರ್ಡಿನ ಪೂರ್ತಿ ಹೆಸರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ. ಪೂರ್ತಿ ಹೆಸರು ಅಂದರೆ ಕೊನೆಯ ಅಕ್ಷರದವರೆಗೂ, ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿರುವ ರಿವಿಜನ್ ನಂಬರ್ ಇದ್ದರೆ ಅದನ್ನೂ ಸೇರಿಸಿ. ಒಂದೇ ಹೆಸರಿನ ಬೋರ್ಡು ಎರಡು ರಿವಿಜನ್‌ನಲ್ಲಿ ಬಂದಿದ್ದರೆ ಪಟ್ಟಿಯೂ ಬೇರೆ ಇರಬಹುದು. ಅಲ್ಲಿ ಸಪೋರ್ಟ್ ಅಂತ ಇರುತ್ತದೆ, ಒಳಗೆ ಸಿಪಿಯು ಸಪೋರ್ಟ್ ಲಿಸ್ಟ್. ನಿಮ್ಮ ಪ್ರೊಸೆಸರ್ ಹೆಸರು ಇದೆಯಾ ನೋಡಿ. ಇದ್ದರೆ ಅಲ್ಲಿಗೇ ನಿಲ್ಲಿಸಬೇಡಿ, ಅದೇ ಸಾಲಿನಲ್ಲಿ ಎದುರಿಗೆ ಒಂದು ಬಯೋಸ್ ವರ್ಷನ್ ಬರೆದಿರುತ್ತಾರೆ. ಬಯೋಸ್ ಅದಕ್ಕಿಂತ ಹಳೆಯದಿದ್ದರೆ ನಮ್ಮ ಕತೆಯೇ ನಿಮ್ಮದೂ ಆಗುತ್ತದೆ. ಅಂಗಡಿಯವರನ್ನು ಕೇಳಿ, "ಬಯೋಸ್ ಅಪ್‌ಡೇಟ್ ಮಾಡಿ, ಡಿಸ್‌ಪ್ಲೇ ತೋರಿಸಿ ಕೊಡಿ." ಸಂಕೋಚ ಬೇಡ. ಆಮೇಲೆ ಒಂದು ಬೋರ್ಡಿಗಾಗಿ 70 ಕಿಲೋಮೀಟರ್ ವಾಪಸ್ ಹೋಗುವುದು ಯಾರಿಗೆ ಬೇಕು, ಅಲ್ವಾ?

ಇಂಟೆಲ್‌ನಲ್ಲೂ ಇದೇ ಕತೆ. ಎಲ್‌ಜಿಎ1700 ಸಾಕೆಟ್‌ಗೆ 12, 13, 14ನೇ ಜನರೇಷನ್ ಮೂರೂ ಬರುತ್ತವೆ. ಆದರೆ ಎಚ್610, ಬಿ660 ಥರದ ಬೋರ್ಡುಗಳು 12ನೆಯದರ ಜೊತೆ ಬಂದವು. ಅವಕ್ಕೆ 14ನೆಯದು ಹಾಕಬೇಕಾದರೆ ಬಯೋಸ್ ಹೊಸದಾಗಿರಬೇಕು. ಅದಕ್ಕಿಂತ ಹಿಂದಿನ ಎಲ್‌ಜಿಎ1151 ಇನ್ನೂ ಕಷ್ಟ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇದನ್ನು ಗಮನವಿಟ್ಟು ಕೇಳಿ. 6, 7ನೇ ಜನರೇಷನ್‌ಗೂ ಅದೇ ಹೆಸರು, 8, 9ನೆಯದಕ್ಕೂ ಅದೇ ಹೆಸರು, ಪಿನ್ನುಗಳ ಸಂಖ್ಯೆಯೂ 1151. ಆದರೂ 8ನೇ ಜನರೇಷನ್‌ಗೆ 300 ಸರಣಿಯ ಬೋರ್ಡೇ ಬೇಕು, ಹಳೆಯ 100, 200 ಸರಣಿಗೆ ಇಂಟೆಲ್ ಸಪೋರ್ಟ್ ಕೊಡಲಿಲ್ಲ. ಬೀಗಕ್ಕೆ ಕೀ ಒಳಗೆ ಹೋಗುತ್ತದೆ, ತಿರುಗುವುದಿಲ್ಲ.

ಹೊಸ ಬೋರ್ಡು ತಗೊಂಡರೆ ಎಲ್ಲ ಹಳೆಯ ಪ್ರೊಸೆಸರೂ ನಡೆಯುತ್ತದೆ ಅನ್ನುವುದೂ ತಪ್ಪು. ಬಿ450ರ ನಂತರ ಬಂದ ಬಿ550 ಬೋರ್ಡಿಗೆ ಮೊದಲ ಜನರೇಷನ್ ರೈಜೆನ್ ಹಾಕಿದರೆ ಆಗುವುದಿಲ್ಲ.

ರ್‍ಯಾಮ್ ವಿಷಯ ಬೇಗ ಮುಗಿಸುತ್ತೇನೆ. ಎಎಂ4ರ ನಂತರ ಬಂದ ಎಎಂ5 ಸಾಕೆಟ್ ಬೋರ್ಡಿಗೆ ಹೊಸ ಥರದ ಡಿಡಿಆರ್5 ಮಾತ್ರ, ಎಎಂ4ಗೆ ಹಳೆಯ ಡಿಡಿಆರ್4. ಎಲ್‌ಜಿಎ1700ರಲ್ಲಿ ಎರಡೂ ಥರದ ಬೋರ್ಡು ಇವೆ, ಡಬ್ಬಿ ಮೇಲೆ ಓದಿಕೊಳ್ಳಿ. ಡಿಡಿಆರ್4, ಡಿಡಿಆರ್5 ಎರಡರಲ್ಲೂ ಪಿನ್ 288, ಆದರೆ ಮಧ್ಯದ ಕಚ್ಚಿನ ಜಾಗ ಬೇರೆ. ಕೂರದಿದ್ದರೆ ಒತ್ತಬೇಡಿ.

ಇನ್ನೊಂದು, ಬೋರ್ಡಿನ ಹಿಂದೆ ಎಚ್‌ಡಿಎಂಐ ಇದೆ ಅಂದ ಮಾತ್ರಕ್ಕೆ ಡಿಸ್‌ಪ್ಲೇ ಬರುವುದಿಲ್ಲ. ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇರಬೇಕು. ಐ5 12400ರಲ್ಲಿ ಇದೆ, 12400ಎಫ್‌ನಲ್ಲಿ ಇಲ್ಲ. ರೈಜೆನ್ 5600ಜಿಯಲ್ಲಿ ಇದೆ, ಬರೀ 5600ರಲ್ಲಿ ಇಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಈಗ ದುಡ್ಡಿಲ್ಲ ಅನ್ನುವವರು ಬೆಲೆ ಕಡಿಮೆ ಅಂತ ಎಫ್ ಇರುವುದನ್ನು ಎತ್ತಿಕೊಂಡರೆ ಕಾರ್ಡ್ ಬರುವವರೆಗೂ ಡಬ್ಬಾ ನೋಡುತ್ತಾ ಕೂರಬೇಕು.

ಕಡಿಮೆ ಬೆಲೆಯ ಎಚ್610 ಬೋರ್ಡಿನ ಮೇಲೆ ಐ9 ಕೂರಿಸಬೇಡಿ ಅಂತಲೂ ನನ್ನ ಸಲಹೆ. ಪಟ್ಟಿಯಲ್ಲಿ ಹೆಸರು ಇರುತ್ತದೆ, ನಿಜ. ಆದರೆ 13900ಕೆ ಪೂರ್ತಿ ಓಡುವಾಗ 253 ವಾಟ್ ಎಳೆಯುತ್ತದೆ. ಸಾಕೆಟ್ ಸುತ್ತ ಕರೆಂಟ್ ಕೊಡುವ ಭಾಗಕ್ಕೆ ವಿಆರ್‌ಎಂ ಅನ್ನುತ್ತಾರೆ. ಅದಕ್ಕೆ ಹೀಟ್‌ಸಿಂಕ್ ಕೂಡ ಇಲ್ಲದ ಬೋರ್ಡಿನಲ್ಲಿ ಅದು ಕಾದು, ಸ್ಪೀಡ್ ಇಳಿಯುತ್ತದೆ. ಐ3ಗೆ, ಮಾಮೂಲಿ ಐ5ಗೆ ಎಚ್610 ಸಾಕು.

[ಕೂಲರ್ ಬಿಚ್ಚುವುದನ್ನು ಹತ್ತಿರದಿಂದ]

ಆ ಪಿಸಿ ಏನಾಯಿತು ಅಂತ ಕೇಳುತ್ತೀರಿ. ಎಸ್.ಎಸ್. ಪುರಂನಲ್ಲಿ ಸ್ನೇಹಿತನ ಹತ್ತಿರ ಹಳೆಯ ರೈಜೆನ್ 3 2200ಜಿ ಇತ್ತು. ಎರಡು ದಿನಕ್ಕೆ ಕೊಡು ಅಂತ ಇಸ್ಕೊಂಡು ಬಂದೆ. ಎಎಂ4 ಕೂಲರ್ ತೆಗೆಯುವಾಗ ನೇರವಾಗಿ ಮೇಲಕ್ಕೆ ಎಳೆಯಬಾರದು. ಕೂಲರ್ ಮತ್ತು ಪ್ರೊಸೆಸರ್ ನಡುವೆ ಹಚ್ಚಿರುವ ಪೇಸ್ಟ್ ಹಿಡಿದುಕೊಂಡು ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ನೋಡಿ ಹೀಗೆ, ಮೆಲ್ಲಗೆ ಎಡಕ್ಕೆ, ಬಲಕ್ಕೆ ತಿರುಗಿಸುತ್ತಾ ಇರಬೇಕು, ಅಂಟು ಬಿಟ್ಟಿದ್ದು ಕೈಗೇ ಗೊತ್ತಾಗುತ್ತದೆ. ಹಳೆಯ ಪ್ರೊಸೆಸರ್ ಹಾಕಿದೆ, ಡಿಸ್‌ಪ್ಲೇ ಬಂತು. ಪೆನ್‌ಡ್ರೈವ್‌ನಲ್ಲಿ ಹೊಸ ಬಯೋಸ್ ಫೈಲ್ ಹಾಕಿ, ಪಿಸಿಯನ್ನು ಯುಪಿಎಸ್‌ಗೆ ಸಿಕ್ಕಿಸಿ ಅಪ್‌ಡೇಟ್ ಕೊಟ್ಟೆ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು, ಅದಕ್ಕೇ ಯುಪಿಎಸ್. ಮುಗಿದ ಮೇಲೆ 5600ಜಿ ಹಾಕಿದೆವು. ಡಿಸ್‌ಪ್ಲೇ ಬಂದಾಗ ಹುಡುಗ ಅಡುಗೆಮನೆಗೆ ಓಡಿ ಅಮ್ಮನನ್ನು ಕರೆದುಕೊಂಡು ಬಂದ.

ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡು ಸಿಕ್ಕರೆ ಅದನ್ನೇ ತಗೊಳ್ಳಿ, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಆಗುತ್ತದೆ.

[ಸಾಕೆಟ್ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ]

ಎಲ್‌ಜಿಎ1700, ಎಎಂ5 ಎರಡರಲ್ಲೂ ಪಿನ್ ಇರುವುದು ಬೋರ್ಡಿನಲ್ಲಿ, ಪ್ರೊಸೆಸರ್‌ನಲ್ಲಲ್ಲ. ಅಂಗಡಿಯಲ್ಲೇ ಈ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಸಾಲುಗಳು ಒಂದೇ ಸಮ ಹೊಳೆಯಬೇಕು, ಎಲ್ಲಾದರೂ ಒಂದು ಚುಕ್ಕೆ ಬೇರೆ ಥರ ಹೊಳೆದರೆ ಆ ಪಿನ್ ಬಾಗಿದೆ ಅಂತ ಲೆಕ್ಕ. ಅಲ್ಲೇ ಒಂದು ಫೋಟೋ ತೆಗೆದುಕೊಳ್ಳಿ. ಮುಚ್ಚಳವನ್ನು ಡಬ್ಬಿಯಲ್ಲೇ ಇಟ್ಟುಕೊಳ್ಳಿ, ವಾರಂಟಿಗೆ ಕಳಿಸುವಾಗ ಅದು ಬೇಕು.