ಮುಖ ಕಾಣಿಸಿದ ಸೀಸನ್

ಚಿತ್ರವನ್ನು ಇಲ್ಲಿಯೇ ನಿಲ್ಲಿಸುತ್ತೇನೆ. ಕ್ಯಾಪ್ಟನ್ ಪಿಕಾರ್ಡ್‌ನ ಕುತ್ತಿಗೆಪಟ್ಟಿಯನ್ನು ನೋಡಿ. ಉಣ್ಣೆಯ ಬಟ್ಟೆ ಅದು, ನೇಯ್ಗೆ ಕೈಗೆ ತಾಕುವಷ್ಟು ಸ್ಪಷ್ಟವಾಗಿದೆ. ಪಟ್ಟಿಯ ಮೇಲೆ ನಾಲ್ಕು ಚಿನ್ನದ ಬೊಟ್ಟುಗಳು, ಅವುಗಳ ಅಂಚಿನಲ್ಲಿ ದೀಪದ ಸಣ್ಣ ಹೊಳಪು. ಕ್ಯಾಮೆರಾ ಈ ಬಟ್ಟೆಯನ್ನು 1989ರಲ್ಲೇ ಹೀಗೆ ಕಂಡಿತ್ತು. ನಾವು ಕಂಡದ್ದು 2013ರಲ್ಲಿ.

ನಮಸ್ಕಾರ. ಇಂದಿನ ವಿಡಿಯೊ ಒಂದೇ ಒಂದು ಪೆಟ್ಟಿಗೆಯ ಬಗ್ಗೆ. 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಸರಣಿಯ ಮೂರನೇ ಸೀಸನ್, ಬ್ಲೂ-ರೇ ಆವೃತ್ತಿ. ಆರು ಡಿಸ್ಕ್, 26 ಕಂತು. ಈ ಸೀಸನ್ನನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಒಂದನ್ನೂ ಬಿಡದೆ, ಕ್ರಮವಾಗಿ ನೋಡಿದ್ದು ಈ ಸಲವೇ. ಹಾಗೆ ನೋಡಿದಾಗ ನನಗೆ ಒಂದು ವಿಷಯ ಹೊಳೆಯಿತು. ಅದನ್ನು ಹೇಳಲೆಂದೇ ಈ ವಿಡಿಯೊ.

ಸರಣಿಯನ್ನು ನೋಡದವರಿಗಾಗಿ ಎರಡು ಮಾತು. 24ನೇ ಶತಮಾನ. ಎಂಟರ್‌ಪ್ರೈಸ್ ಎಂಬ ದೊಡ್ಡ ಬಾಹ್ಯಾಕಾಶ ನೌಕೆ. ಅದರ ಕ್ಯಾಪ್ಟನ್ ಪಿಕಾರ್ಡ್, ಅದರಲ್ಲಿ ಕೆಲಸ ಮಾಡುವವರು, ಅವರ ಕುಟುಂಬಗಳು, ಮಕ್ಕಳು. ಸರಣಿ ಆರಂಭವಾದದ್ದು 1987ರಲ್ಲಿ. ಮೊದಲ ಎರಡು ಸೀಸನ್‌ಗಳಲ್ಲಿ ಬರಹಗಾರರು ಬರುತ್ತಿದ್ದರು, ಹೋಗುತ್ತಿದ್ದರು. 1988ರ ಬರಹಗಾರರ ಮುಷ್ಕರದಿಂದಾಗಿ ಎರಡನೇ ಸೀಸನ್ 22 ಕಂತಿಗೆ ಇಳಿಯಿತು. ಅದರ ಕೊನೆಯ ಕಂತನ್ನಂತೂ ಹಳೆಯ ದೃಶ್ಯಗಳನ್ನು ಜೋಡಿಸಿಯೇ ತುಂಬಿಸಿದರು. ಮೂರನೇ ಸೀಸನ್ ಶುರುವಾದಾಗಲೂ ಕಥಾವಿಭಾಗದ ಸ್ಥಿತಿ ಬೇರೆಯಾಗಿರಲಿಲ್ಲ. ಆ ಹೊತ್ತಿಗೆ ಹೊಣೆ ಹೊತ್ತು ಬಂದವರು ಮೈಕೆಲ್ ಪಿಲ್ಲರ್.

ಪಿಲ್ಲರ್ ಮಾಡಿದ್ದು ಕೇಳಲು ಸರಳವಾದ ಕೆಲಸ. ಈ ವಾರದ ಗ್ರಹ ಯಾವುದು, ಶತ್ರು ಯಾರು ಎನ್ನುವುದನ್ನು ಬದಿಗಿಟ್ಟು, ಈ ವಾರದ ಕಥೆ ನಮ್ಮ ನೌಕೆಯವರಲ್ಲಿ ಯಾರದು ಎಂದು ಕೇಳತೊಡಗಿದರು. ಜೊತೆಗೆ, ಏಜೆಂಟರ ಮೂಲಕ ಬಾರದವರ ಕಥೆಗಳನ್ನೂ ಓದುವ ಪದ್ಧತಿ ತಂದರು. ರಾಶಿಯಲ್ಲಿ ಬಿದ್ದಿದ್ದ ಚಿತ್ರಕಥೆಯೊಂದು ಅವರ ಕೈಗೆ ಬಂತು. ಬರೆದವರು ರೊನಾಲ್ಡ್ ಡಿ. ಮೂರ್, ಅವರು ಮಾರಿದ ಮೊದಲ ಚಿತ್ರಕಥೆ ಅದು. ಕಂತಿನ ಹೆಸರು 'ದಿ ಬಾಂಡಿಂಗ್'.

ಈ ಕಂತಿನ ಬಗ್ಗೆ ಜನ ಮಾತನಾಡುವುದು ಕಡಿಮೆ. ನನಗೆ ಅದು ಈ ಸೀಸನ್‌ನ ಅಡಿಗಲ್ಲು. ಒಬ್ಬ ಅಧಿಕಾರಿಣಿ ಕೆಲಸದ ಮೇಲೆ ಹೋಗಿ ಸಾಯುತ್ತಾಳೆ. ನೌಕೆಯಲ್ಲಿ ಅವಳ ಮಗ ಜೆರೆಮಿ ಉಳಿಯುತ್ತಾನೆ. ತಂದೆ ಮೊದಲೇ ಇಲ್ಲ. ಸುದ್ದಿ ತಿಳಿಸಬೇಕಾದವನು ಪಿಕಾರ್ಡ್. ಸರಣಿಯ ಜನಕ ಜೀನ್ ರಾಡನ್‌ಬೆರಿ ಅವರಿಗೆ ಇದು ಹಿಡಿಸಲಿಲ್ಲ. 24ನೇ ಶತಮಾನದ ಮಕ್ಕಳು ಸಾವನ್ನು ಬದುಕಿನ ಭಾಗವೆಂದು ಒಪ್ಪಿಕೊಂಡಿರುತ್ತಾರೆ, ಹೀಗೆ ಕುಸಿಯುವುದಿಲ್ಲ ಎನ್ನುವುದು ಅವರ ನಿಲುವು. ಪಿಲ್ಲರ್ ಆ ನಿಲುವನ್ನೇ ಕಥೆಯ ಕೀಲಿಯಾಗಿ ಮಾಡಿಕೊಂಡರು. ಹುಡುಗ ಅಳುವುದಿಲ್ಲ. ಆ ಅಳದಿರುವಿಕೆಯೇ ಗಾಯ. ಬೇರೆ ಲೋಕದ ಜೀವಿಯೊಂದು ಅವನ ತಾಯಿಯ ರೂಪ ತಾಳಿ ಬಂದು, ಅದೇ ಮನೆ, ಅದೇ ಅಮ್ಮ, ಅದೇ ಸುಖ ಎಂದು ಕೈ ನೀಡುತ್ತದೆ. ಅದನ್ನು ಬಿಟ್ಟು ಬರಲು ಹುಡುಗ ಮೊದಲು ಕೋಪಗೊಳ್ಳಬೇಕು. ಅಮ್ಮನನ್ನು ಆ ಕೆಲಸಕ್ಕೆ ಕರೆದೊಯ್ದಿದ್ದ ಅಧಿಕಾರಿ ವೋರ್ಫ್‌ನ ಕಡೆ ತಿರುಗಿ, ಸತ್ತವನು ನೀನೇ ಏಕಾಗಿರಬಾರದಿತ್ತು ಎಂದು ಕೇಳಬೇಕು. ಕೇಳುತ್ತಾನೆ. ವೋರ್ಫ್ ಅದನ್ನು ನಿಂತು ಕೇಳಿಸಿಕೊಳ್ಳುತ್ತಾನೆ. ಅವನೂ ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡವನು.

ಹುಡುಗನ ಮುಖ ನೋಡುತ್ತಿರಿ. ಗಲ್ಲ ಬಿಗಿಹಿಡಿದಿದ್ದಾನೆ. ಹಳೆಯ ಡಿವಿಡಿಯಲ್ಲಿ ಇದು ನನಗೆ ಕಂಡಿರಲಿಲ್ಲ.

ಏಕೆ ಕಂಡಿರಲಿಲ್ಲ ಎನ್ನುವುದಕ್ಕೆ ಸ್ವಲ್ಪ ತಂತ್ರದ ಕಡೆ ಹೋಗಬೇಕು. ಈ ಸರಣಿಯನ್ನು ಚಿತ್ರೀಕರಿಸಿದ್ದು 35 ಮಿ.ಮೀ. ಫಿಲ್ಮ್‌ನಲ್ಲಿ, ಅಂದರೆ ಚಿತ್ರಮಂದಿರದ ಸಿನಿಮಾ ತೆಗೆಯುವ ಫಿಲ್ಮ್‌ನಲ್ಲೇ. ಆದರೆ ಸಂಕಲನ ನಡೆದದ್ದು, ನೌಕೆಯ ದೃಶ್ಯಗಳನ್ನು ಒಂದರ ಮೇಲೊಂದು ಕೂಡಿಸಿದ್ದು ವಿಡಿಯೊಟೇಪ್‌ನಲ್ಲಿ. ಹಣ, ಸಮಯ ಎರಡೂ ಉಳಿಯುತ್ತಿತ್ತು. ಅಂದಿನ ಅಮೆರಿಕದ ಟಿ.ವಿ. ಚಿತ್ರದಲ್ಲಿ ಕಣ್ಣಿಗೆ ಕಾಣುತ್ತಿದ್ದುದು ಸುಮಾರು 480 ಗೆರೆಗಳು. ಆ ಗೆರೆಗಳ ಆಚೆಗೆ ಇದ್ದದ್ದೆಲ್ಲ ನೆಗೆಟಿವ್‌ನಲ್ಲೇ ಉಳಿದುಹೋಯಿತು. ಹಾಗಾಗಿ ಸಿದ್ಧಗೊಂಡ ಕಂತು ಎಂಬುದು ಫಿಲ್ಮ್‌ನಲ್ಲಿ ಎಲ್ಲಿಯೂ ಇರಲೇ ಇಲ್ಲ. ಇದ್ದದ್ದು ಬಿಡಿ ಬಿಡಿ ತುಣುಕುಗಳು.

ಬ್ಲೂ-ರೇ ಮಾಡಹೊರಟವರು ಆ ತುಣುಕುಗಳನ್ನು ಹುಡುಕಿ ತೆಗೆದರು. ಮೂಲ ಸಂಕಲನದಲ್ಲಿ ಯಾವ ಟೇಕ್ ಬಳಸಿದ್ದರೋ ಅದೇ ಟೇಕ್, ಅದೇ ಚೌಕಟ್ಟಿನಲ್ಲಿ ಆರಂಭ, ಅದೇ ಚೌಕಟ್ಟಿನಲ್ಲಿ ಅಂತ್ಯ. ಒಂದೊಂದು ಕಂತನ್ನೂ ಮೊದಲಿನಿಂದ ಮತ್ತೆ ಕಟ್ಟಿದರು. ನೌಕೆಯ ಮಾದರಿಯನ್ನು ಫಿಲ್ಮ್‌ನಲ್ಲಿ ತೆಗೆದಾಗ ಹೊರಮೈಯನ್ನು ಒಮ್ಮೆ, ಕಿಟಕಿಗಳ ಬೆಳಕನ್ನು ಒಮ್ಮೆ, ಎಂಜಿನ್ನಿನ ಹೊಳಪನ್ನು ಇನ್ನೊಮ್ಮೆ ಎಂದು ಪದರ ಪದರವಾಗಿ ತೆಗೆದಿದ್ದರು. ಆ ಪದರಗಳನ್ನು ಹೊಸದಾಗಿ ಸ್ಕ್ಯಾನ್ ಮಾಡಿ ಮತ್ತೆ ಕೂಡಿಸಿದರು. ವಿಡಿಯೊದಲ್ಲೇ ಹುಟ್ಟಿದ್ದ ಆಯುಧದ ಕಿರಣಗಳಂಥವನ್ನು ಮಾತ್ರ ಹೊಸದಾಗಿ ಬಿಡಿಸಬೇಕಾಯಿತು. ಏಳು ಸೀಸನ್‌ಗಳಿಗೂ ಈ ಕೆಲಸ ನಡೆಯಿತು. 2012ರಲ್ಲಿ ಮೊದಲ ಸೀಸನ್ ಬಂತು, 2014ರ ಕೊನೆಗೆ ಏಳನೆಯದು. ಇದೇ ಮನೆತನದ 'ಡೀಪ್ ಸ್ಪೇಸ್ ನೈನ್', 'ವಾಯೇಜರ್' ಸರಣಿಗಳಿಗೆ ಇಷ್ಟು ದೊಡ್ಡ ಆರೈಕೆ ಸಿಗಲಿಲ್ಲ. ಅವು ಇನ್ನೂ ಟೇಪಿನ ಮಂಜಿನ ಹಿಂದೆಯೇ ಇವೆ. ಅದು ನನಗೆ ಇಂದಿಗೂ ನೋವಿನ ಸಂಗತಿ.

ಚಿತ್ರದ ಆಕಾರವನ್ನು ಅಗಲಿಸಲಿಲ್ಲ, ಹಳೆಯ ಟಿ.ವಿ.ಯ ನಾಲ್ಕಕ್ಕೆ ಮೂರರ ಅಳತೆಯೇ ಇದೆ. ಬದಿಗಳಲ್ಲಿ ಕಪ್ಪು ಪಟ್ಟಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇರಲಿ. ಆ ಕಪ್ಪಿನ ಹಿಂದೆ ದೀಪದ ಕಂಬಗಳಿವೆ, ಸೆಟ್ಟಿನ ಅಂಚುಗಳಿವೆ. ಈ ಸರಣಿಯ ಛಾಯಾಗ್ರಾಹಕ ಮುಖವನ್ನು ಚೌಕಟ್ಟಿನಲ್ಲಿ ಎಲ್ಲಿಟ್ಟನೋ ಅಲ್ಲಿಯೇ ಅದು ಇರಬೇಕು.

ಸ್ಪಷ್ಟತೆಗೆ ತೆತ್ತ ಬೆಲೆಯೂ ಇದೆ. ಹೊಡೆದಾಟದಲ್ಲಿ ನಟನ ಬದಲು ಬಂದ ಸಾಹಸ ಕಲಾವಿದ ಈಗ ಥಟ್ಟನೆ ಗುರುತು ಸಿಗುತ್ತಾನೆ. ಹೊಳಪು ಬೀಳದಿರಲೆಂದು ಫಲಕಗಳ ಮೇಲೆ ಇಟ್ಟ ಕಪ್ಪು ರಟ್ಟು ಒಮ್ಮೊಮ್ಮೆ ಕಾಣುತ್ತದೆ. ನನಗೆ ಅದರಿಂದ ರಸಭಂಗವಾಗಲಿಲ್ಲ. ಅಲ್ಲಿ ಯಾರೋ ಕೈಯಾರೆ ದುಡಿದಿದ್ದಾರೆ ಎನ್ನುವುದಕ್ಕೆ ಗುರುತು ಅದು.

ಈಗ 'ದಿ ಆಫ್‌ಸ್ಪ್ರಿಂಗ್'. ನಿರ್ದೇಶಿಸಿದವರು ಜೊನಾಥನ್ ಫ್ರೇಕ್ಸ್, ಅಂದರೆ ಸರಣಿಯಲ್ಲಿ ಪಿಕಾರ್ಡ್‌ನ ನಂತರದ ಅಧಿಕಾರಿ ರೈಕರ್‌ನ ಪಾತ್ರ ಮಾಡಿದವರೇ. ಆ ತಂಡದ ನಟರಲ್ಲಿ ನಿರ್ದೇಶನಕ್ಕೆ ಇಳಿದವರಲ್ಲಿ ಅವರೇ ಮೊದಲಿಗರು. ಯಂತ್ರಮಾನವ ಡೇಟಾ ಒಂದು ಮಗುವನ್ನು ರಚಿಸುತ್ತಾನೆ. ಹೆಸರು ಲಾಲ್. ಹಿಂದಿಯಲ್ಲಿ ಪ್ರೀತಿಪಾತ್ರ ಎಂಬ ಅರ್ಥ ಎಂದು ಅವನೇ ವಿವರಿಸುತ್ತಾನೆ. ಅಡ್ಮಿರಲ್ ಒಬ್ಬ ಬಂದು, ಈ ಮಗು ಪ್ರಯೋಗಾಲಯದಲ್ಲಿರಬೇಕು, ನಿನ್ನ ಬಳಿ ಅಲ್ಲ ಎನ್ನುತ್ತಾನೆ. ಅಗಲಿಕೆಯ ಭಯದಿಂದ ಲಾಲ್‌ಗೆ ಭಾವನೆ ಹುಟ್ಟುತ್ತದೆ. ಅಪ್ಪನಿಗೆ ಎಂದೂ ಬಾರದ್ದು ಮಗಳಿಗೆ ಬರುತ್ತದೆ, ಅದರಿಂದಲೇ ಅವಳ ಮಿದುಳು ಕುಸಿಯುತ್ತದೆ.

ಇಲ್ಲಿ ನನ್ನ ಡಿಸ್ಕ್ ತಡವರಿಸಿತು. ಚಿತ್ರ ಚೂರುಚೂರಾಗಿ ನಿಂತಿತು. ಹೊರತೆಗೆದು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಹೆಬ್ಬೆರಳಿನ ಗುರುತು. ಮೆತ್ತನೆಯ ಬಟ್ಟೆ ತೆಗೆದುಕೊಂಡು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಸುತ್ತಿ ಒರೆಸಬಾರದು, ಗೀರು ಬಿದ್ದರೆ ಓದುವ ದಾರಿಯುದ್ದಕ್ಕೂ ಬೀಳುತ್ತದೆ. ಮತ್ತೆ ಹಾಕಿದೆ. ನಡೆಯಿತು.

ಮುಂದಿನ ದೃಶ್ಯದಲ್ಲಿ, ಮಗುವನ್ನು ಕಿತ್ತುಕೊಳ್ಳಲು ಬಂದಿದ್ದ ಅದೇ ಅಡ್ಮಿರಲ್ ಪ್ರಯೋಗಾಲಯದಿಂದ ಹೊರಗೆ ಬರುತ್ತಾನೆ. ಕಣ್ಣು ತುಂಬಿವೆ. ಡೇಟಾನ ಕೈಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡುತ್ತಿದ್ದವು, ಒಂದು ಎಳೆ ಸರಿಪಡಿಸಿದರೆ ಇನ್ನೊಂದು ಕಡಿಯುತ್ತಿತ್ತು, ಆದರೂ ಅವನು ಬಿಡಲಿಲ್ಲ ಎಂದು ಹೇಳುತ್ತಾನೆ. ಆ ಕೈಗಳನ್ನು ನಮಗೆ ತೋರಿಸುವುದಿಲ್ಲ. ತೋರಿಸುವುದು ನೋಡಿ ಬಂದವನ ಮುಖವನ್ನು ಮಾತ್ರ. ಆಮೇಲೆ ಒಳಗೆ, ಮಗಳ ಮುಂದೆ ಡೇಟಾ. ಚಿನ್ನದ ಬಣ್ಣ ಬಳಿದ ಆ ಮುಖದಲ್ಲಿ ಒಂದು ನರವೂ ಅಲುಗುವುದಿಲ್ಲ. ಬ್ರೆಂಟ್ ಸ್ಪೈನರ್ ಏನೂ ಮಾಡದೆಯೇ ಎಲ್ಲವನ್ನೂ ಮಾಡಿದ್ದಾರೆ. ಡಿವಿಡಿಯಲ್ಲಿ ಆ ಕಣ್ಣುಗಳು ಹಳದಿ ಚುಕ್ಕೆಗಳಾಗಿದ್ದವು. ಇಲ್ಲಿ ಅವುಗಳೊಳಗೆ ಬೆಳಕಿದೆ. ನಾನು ಅತ್ತೆ.

ನನಗೆ ಹೊಳೆದದ್ದು ಇದೇ. ಪಿಲ್ಲರ್ ಕಥೆಯನ್ನು ಮುಖಗಳ ಕಡೆ ತಿರುಗಿಸಿದರು. ಆದರೆ ಆ ಮುಖಗಳನ್ನು ಪೂರ್ತಿ ಕಾಣಲು ನಮಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಪಿಲ್ಲರ್ 2005ರಲ್ಲಿ ತೀರಿಕೊಂಡರು. ಈ ಡಿಸ್ಕ್‌ಗಳನ್ನು ಅವರು ನೋಡಲಿಲ್ಲ.

'ಯೆಸ್ಟರ್‌ಡೇಸ್ ಎಂಟರ್‌ಪ್ರೈಸ್' ಗೊತ್ತಿರುವವರು ತುಂಬ ಜನ, ಆದ್ದರಿಂದ ಎರಡೇ ಗಳಿಗೆಗಳನ್ನು ಹೇಳುತ್ತೇನೆ. ಒಂದು, 22 ವರ್ಷ ಹಿಂದಿನ ನೌಕೆಯೊಂದು ಕಾಲದ ಬಿರುಕಿನಿಂದ ಹೊರಬರುತ್ತಿದ್ದಂತೆ ನಿಯಂತ್ರಣ ಕೊಠಡಿಯ ಬೆಳಕು ಬದಲಾಗುವುದು. ಶಾಂತಿಯ ನೌಕೆ ಕಣ್ಣೆದುರೇ ಯುದ್ಧನೌಕೆಯಾಗುತ್ತದೆ. ನೆರಳುಗಳು ನೀಲಿಗಟ್ಟುತ್ತವೆ, ವೋರ್ಫ್ ನಿಂತಿದ್ದ ಜಾಗದಲ್ಲಿ ಮೊದಲ ಸೀಸನ್‌ನಲ್ಲೇ ಸತ್ತಿದ್ದ ತಾಶಾ ಯಾರ್ ನಿಂತಿರುತ್ತಾಳೆ. ಆ ಕಡುನೀಲಿ ಕಪ್ಪಿನಲ್ಲಿ ಎಷ್ಟು ಬಗೆಯ ಕಪ್ಪಿದೆ ಎನ್ನುವುದು ಡಿಸ್ಕ್‌ನಲ್ಲೇ ಗೊತ್ತಾಗುವುದು. ಇಂಟರ್ನೆಟ್ ಮೂಲಕ ಬರುವ ಚಿತ್ರದಲ್ಲಿ ಇಂಥ ಕತ್ತಲು ಒಮ್ಮೊಮ್ಮೆ ತುಂಡು ತುಂಡು ಚೌಕಗಳಾಗಿ ಒಡೆಯುತ್ತದೆ. ಎರಡು, ನೀನು ಬದುಕಿರಬೇಕಾದವಳಲ್ಲ ಎಂದು, ನೌಕೆಯ ಪಾನಗೃಹ ನೋಡಿಕೊಳ್ಳುವ ಗೈನಾನ್ ತಾಶಾಗೆ ತಿಳಿಸುವ ಗಳಿಗೆ. ಅರ್ಥವಿಲ್ಲದ ಸಾವೊಂದು ತನ್ನದಾಗಿತ್ತು ಎಂದು ತಿಳಿದವಳು, ಅರ್ಥವಿರುವ ಸಾವನ್ನು ಕೇಳಿ ಪಡೆಯುತ್ತಾಳೆ. ತಾಶಾ ಪಾತ್ರದ ಡೆನಿಸ್ ಕ್ರಾಸ್ಬಿ ಮತ್ತು ಗೈನಾನ್ ಪಾತ್ರದ ವೂಪಿ ಗೋಲ್ಡ್‌ಬರ್ಗ್ ಇಬ್ಬರೂ ಒಟ್ಟಿಗೆ ಬಿಡುವಾಗಿದ್ದುದು 1989ರ ಡಿಸೆಂಬರ್‌ನಲ್ಲಿ. ಹಾಗಾಗಿ ಕಥಾವಿಭಾಗದವರೆಲ್ಲ ಅಂಕಗಳನ್ನು ಹಂಚಿಕೊಂಡು ಅವಸರದಲ್ಲಿ ಬರೆದರು. ನೋಡುವಾಗ ಆ ಅವಸರ ಎಲ್ಲಿಯೂ ಕಾಣುವುದಿಲ್ಲ.

ಎಲ್ಲ ಕಂತೂ ಹೀಗಿಲ್ಲ. 'ಮೆನಾಜ್ ಆ ಟ್ರಾಯ್' ನನಗೆ ಇಷ್ಟವಾಗುವುದಿಲ್ಲ. 'ದಿ ಹೈ ಗ್ರೌಂಡ್' ಸಾಧಾರಣ ಕಂತು, ಆದರೆ ಹಿಂಸೆಯ ಹಾದಿ ಫಲಿಸಿದ್ದಕ್ಕೆ ಉದಾಹರಣೆಯಾಗಿ, ಐರ್ಲೆಂಡ್ 2024ರಲ್ಲಿ ಒಂದಾಯಿತು ಎಂದು ಡೇಟಾ ಹೇಳುವ ಒಂದೇ ಸಾಲಿನಿಂದಾಗಿ ಬಿಬಿಸಿ ಅದನ್ನು ಯಥಾವತ್ತಾಗಿ ಪ್ರಸಾರ ಮಾಡಲು 2007ರವರೆಗೆ ಕಾಯಿತು. 'ಸಾರೆಕ್' ಕಂತನ್ನು ಮಾತ್ರ ಬಿಡಬೇಡಿ. ಒಬ್ಬ ಹಿರಿಯನ ಜೀವಮಾನದ ಅದುಮಿಟ್ಟ ದುಃಖವನ್ನು ಕೆಲವು ಗಂಟೆಗಳ ಮಟ್ಟಿಗೆ ಪಿಕಾರ್ಡ್ ತನ್ನ ಮನಸ್ಸಿಗೆ ತೆಗೆದುಕೊಳ್ಳುತ್ತಾನೆ. ಪ್ಯಾಟ್ರಿಕ್ ಸ್ಟುವರ್ಟ್ ಆ ದೃಶ್ಯದಲ್ಲಿ ಅಳುವ ಬಗೆ ಬೇರೆ ಯಾವ ಕಂತಿನಲ್ಲೂ ಇಲ್ಲ.

ಹೆಚ್ಚುವರಿ ಸಾಮಗ್ರಿಯಲ್ಲಿ ನನಗೆ ಹಿಡಿಸಿದ್ದು ಬರಹಗಾರರ ಮಾತುಕತೆ. ಸೆತ್ ಮ್ಯಾಕ್‌ಫಾರ್ಲೇನ್ ಪ್ರಶ್ನೆ ಕೇಳುತ್ತಾರೆ. ಮೂರ್, ಬ್ರ್ಯಾನನ್ ಬ್ರಾಗಾ, ನರೇನ್ ಶಂಕರ್, ರೆನೆ ಎಚೆವರಿಯಾ ಒಂದೇ ಮೇಜಿನ ಸುತ್ತ ಕುಳಿತು ಹಳೆಯದನ್ನು ನೆನೆಯುತ್ತಾರೆ. 'ದಿ ಆಫ್‌ಸ್ಪ್ರಿಂಗ್' ಬರೆದವರು ಇದೇ ಎಚೆವರಿಯಾ.

ಕೊನೆಯ ಕಂತು 'ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್'. ಬರೆದವರು ಪಿಲ್ಲರ್. ಸರಣಿಯಲ್ಲಿ ಉಳಿಯಬೇಕೋ ಬಿಡಬೇಕೋ ಎಂದು ಅವರೇ ತೀರ್ಮಾನಿಸಿರಲಿಲ್ಲ. ಆ ಒದ್ದಾಟವನ್ನು ರೈಕರ್‌ಗೆ ಕೊಟ್ಟರು. ಮುಂದೇನು ಎಂಬ ಉತ್ತರವನ್ನು ಇಟ್ಟುಕೊಳ್ಳದೆಯೇ ಮೊದಲ ಭಾಗ ಬರೆದು ಮುಗಿಸಿದರು. ಸೆರೆಸಿಕ್ಕವರನ್ನು ಅರೆಯಂತ್ರಗಳನ್ನಾಗಿ ಮಾಡುವ ಬೋರ್ಗ್ ಪಡೆ ಪಿಕಾರ್ಡ್‌ನನ್ನು ಹಿಡಿದು ತನ್ನವನನ್ನಾಗಿ ಮಾಡಿಕೊಂಡಿದೆ. ಪರದೆಯ ಮೇಲೆ ಬೂದು ಬಣ್ಣದ ಮುಖ, ತಲೆಯ ಬದಿಯಿಂದ ಹೊರಟ ಕೆಂಪು ಲೇಸರ್ ಮಸೂರಕ್ಕೇ ನೇರವಾಗಿ ಬಡಿದು ಉರಿಯುತ್ತದೆ. ಮೂರು ವರ್ಷದಿಂದ ನಂಬಿದ್ದ ಧ್ವನಿ, ಪ್ರತಿರೋಧ ವ್ಯರ್ಥ ಎನ್ನುತ್ತದೆ. ಕ್ಯಾಮೆರಾ ರೈಕರ್‌ನ ಮುಖಕ್ಕೆ ಹತ್ತಿರವಾಗುತ್ತದೆ. ಪಿಕಾರ್ಡ್ ಇರುವ ಬೋರ್ಗ್ ನೌಕೆಯ ಮೇಲೆ ಹಾರಿಸು ಎಂದು ಅವನು ಆಜ್ಞೆ ಕೊಡುತ್ತಾನೆ.

ಇದು ಪ್ರಸಾರವಾದದ್ದು 1990ರ ಜೂನ್ 18ರಂದು. ಎರಡನೇ ಭಾಗ ಬಂದದ್ದು ಸೆಪ್ಟೆಂಬರ್ 24ರಂದು. ನಡುವೆ ಸರಿಯಾಗಿ ಹದಿನಾಲ್ಕು ವಾರ. ಡಿಸ್ಕ್‌ನಲ್ಲಿಯೂ ಆ ಗೋಡೆ ಹಾಗೆಯೇ ಇದೆ. ಈ ಪೆಟ್ಟಿಗೆಯಲ್ಲಿರುವುದು ಮೊದಲ ಭಾಗ ಮಾತ್ರ, ಎರಡನೆಯದು ನಾಲ್ಕನೇ ಸೀಸನ್‌ನ ಪೆಟ್ಟಿಗೆಯಲ್ಲಿದೆ. ಆ ಪೆಟ್ಟಿಗೆ ಇದೇ ಮೇಜಿನ ಮೇಲೆ, ಇಲ್ಲಿಯೇ ಇದೆ. ಇವತ್ತು ತೆರೆಯುವುದಿಲ್ಲ. ಇಂದು ರಾತ್ರಿಯಾದರೂ ರೈಕರ್‌ನ ಆ ಮುಖದ ಜೊತೆ ಇರುತ್ತೇನೆ.